ಲ್ಯಾಬ್ ಸ್ಥಳಾಂತರ: ಲಾರಿ ಬರುವ ಮೊದಲೇ ಮುಗಿಯಬೇಕಾದ ಕೆಲಸ

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಲ್ಯಾಬ್‌ಗಳಿಗೇನೂ ಕೊರತೆಯಿಲ್ಲ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್, ರಕ್ತ ಪರೀಕ್ಷೆಯ ಲ್ಯಾಬ್, ಬೈಕಂಪಾಡಿಯ ಕಾರ್ಖಾನೆಗಳ ಲ್ಯಾಬ್, ನೀರು, ಮೀನು, ಗೋಡಂಬಿ ಪರೀಕ್ಷಿಸುವ ಲ್ಯಾಬ್. ಇವುಗಳಲ್ಲಿ ಯಾವುದಾದರೊಂದು ಹಳೇ ಕಟ್ಟಡ ಬಿಟ್ಟು ಹೊಸದಕ್ಕೆ ಹೋಗುತ್ತಲೇ ಇರುತ್ತದೆ. ಶಿಫ್ಟಿಂಗ್ ಅಂದ ಕೂಡಲೇ ಹೆಚ್ಚಿನವರು ಮೊದಲು ಫೋನ್ ಮಾಡುವುದು ಪ್ಯಾಕರ್ಸ್ ಆ್ಯಂಡ್ ಮೂವರ್ಸ್‌ನವರಿಗೆ. ಅದು ಕೊನೆಗೆ ಮಾಡಬೇಕಾದ ಕೆಲಸ. ಮನೆ ಸಾಮಾನು ಸಾಗಿಸುವವರಿಗೆ ಆಸಿಡ್ ಬಾಟಲಿಯೂ ಉಪ್ಪಿನಕಾಯಿ ಭರಣಿಯೂ ಒಂದೇ. ಅದು ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ.

ಹಾಗಾಗಿ ಒಂದು ನಿಯಮವನ್ನು ಮೊದಲೇ ಹಾಕಿಕೊಳ್ಳಿ. ಬಾಟಲಿಯೊಳಗೆ ಏನಿದೆ ಅಂತ ಗೊತ್ತಿರುವವರೇ ಅದನ್ನು ಎತ್ತಬೇಕು, ಕಟ್ಟಬೇಕು, ಇಳಿಸಿಕೊಳ್ಳಬೇಕು. ಮೇಜು, ಕುರ್ಚಿ, ಖಾಲಿ ಕಪಾಟು, ಪುಸ್ತಕ, ತೊಳೆದು ಒಣಗಿಸಿದ ಗಾಜಿನ ಸಾಮಾನು ಬೇರೆಯವರು ಒಯ್ಯಲಿ. ರಾಸಾಯನಿಕ, ಸಿಲಿಂಡರ್, ಸ್ಯಾಂಪಲ್ ಮಾತ್ರ ನಿಮ್ಮ ಕೈಯಿಂದಲೇ, ಇಲ್ಲವಾದರೆ ಅದರ ತರಬೇತಿ ಇರುವವರ ಕೈಯಿಂದಲೇ ಹೋಗಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದೆ.

ಯಾವಾಗ ಹೊರಡಬೇಕು

ನಮ್ಮ ಕರಾವಳಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಸುಮ್ನೆ ಯೋಚನೆಯನ್ನೇ ಬಿಡಿ. ಪೆಟ್ಟಿಗೆ ಒದ್ದೆ, ಲೇಬಲ್ ಒದ್ದೆ, ಮೆಟ್ಟಿಲು ಜಾರುತ್ತದೆ. ಮೇಲಿಂದ ಮಂಗಳೂರಿನ ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ನೀರು ನಿಂತರೆ ಆಸಿಡ್ ತುಂಬಿದ ಗಾಡಿ ನಡುರಸ್ತೆಯಲ್ಲಿ. ಸೋಡಿಯಂ ಲೋಹದಂಥ ವಸ್ತುವಿಗಂತೂ ನೀರೇ ಶತ್ರು.

ಕಾಲೇಜುಗಳು ಸಾಮಾನ್ಯವಾಗಿ ಏಪ್ರಿಲ್, ಮೇ ರಜೆಯನ್ನು ನೋಡುತ್ತವೆ. ಪರೀಕ್ಷೆ ಮುಗಿದಿರುತ್ತದೆ, ಮಕ್ಕಳಿರುವುದಿಲ್ಲ, ಸರಿಯೇ. ಆದರೆ ಈಥರ್ ಎಂಬ ಸಾಲ್ವೆಂಟ್ (ದ್ರಾವಕ) ಕುದಿಯುವುದು 34.6 ಡಿಗ್ರಿ ಸೆಲ್ಸಿಯಸ್‌ಗೆ. ಏಪ್ರಿಲ್ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಮುಚ್ಚಿದ ಟೆಂಪೋದೊಳಗಿನ ಸೆಕೆ ಎಷ್ಟಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಸಂಜೆಯಾದರೆ ಗುಡುಗು, ಸಿಡಿಲು. ಬೇರೆ ದಾರಿ ಇಲ್ಲದೆ ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ಬೆಳಗ್ಗೆ 6ಕ್ಕೆ ಶುರು ಮಾಡಿ 10ರೊಳಗೆ ಸಾಲ್ವೆಂಟ್‌ಗಳು ಹೊಸ ಕಪಾಟಿನೊಳಗೆ ಇರುವ ಹಾಗೆ ನೋಡಿಕೊಳ್ಳಿ.

ಒಳ್ಳೆಯ ಕಾಲ ಅಂದರೆ ಡಿಸೆಂಬರ್‌ನಿಂದ ಫೆಬ್ರವರಿ. ಗಾಳಿ ಸ್ವಲ್ಪ ಒಣಗಿರುತ್ತದೆ, ಬೆಳಗ್ಗೆ ತಂಪಿರುತ್ತದೆ. ಉಡುಪಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ ಕೃಷ್ಣ ಮಠದ ಪರ್ಯಾಯ ಉತ್ಸವದ ಹಿಂದುಮುಂದಿನ ದಿನಗಳನ್ನು ಬಿಟ್ಟುಬಿಡಿ. ಆಗ ಪೇಟೆಯೊಳಗೆ ಗಾಡಿ ತಿರುಗಿಸಲಿಕ್ಕೂ ಜಾಗ ಸಿಗುವುದಿಲ್ಲ.

ತಯಾರಿಗೆ ಮೂರು ತಿಂಗಳಾದರೂ ಇಟ್ಟುಕೊಳ್ಳಿ. ಅಷ್ಟು ದಿನ ಹೊಸ ಕೆಮಿಕಲ್ ಆರ್ಡರ್ ಮಾಡಬೇಡಿ, ಇರುವುದನ್ನೇ ಮುಗಿಸಿ. ಸಾಗಿಸಬೇಕಾದ ಬಾಟಲಿ ಒಂದು ಕಡಿಮೆಯಾದರೆ ಒಂದು ಚಿಂತೆ ಕಡಿಮೆ.

ಕಪಾಟಿನ ಮುಂದೆ ಕೂತು ಪಟ್ಟಿ

ಕಂಪ್ಯೂಟರಿನಲ್ಲಿರುವ ಸ್ಟಾಕ್ ಲಿಸ್ಟ್ ನಂಬಿ ಹೊರಡಬೇಡಿ. ಕಪಾಟು ತೆರೆದು, ಒಂದೊಂದೇ ಬಾಟಲಿ ನೋಡಿ ಬರೆಯಬೇಕು: ಹೆಸರು, ಎಷ್ಟಿದೆ, ಸೀಲ್ ಯಾವಾಗ ತೆರೆದದ್ದು, ಮುಚ್ಚಳ ಹೇಗಿದೆ, ಯಾರದ್ದು. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ: ಒಯ್ಯುವುದು, ಬೇರೆಯವರಿಗೆ ಕೊಡುವುದು, ತ್ಯಾಜ್ಯ. ಮೂರರಲ್ಲಿ ಒಂದನ್ನು ತುಂಬಲೇಬೇಕು. "ಆಮೇಲೆ ನೋಡುವಾ" ಅಂತ ಒಂದು ಕಾಲಂ ಇಟ್ಟರೆ ಅರ್ಧ ಲ್ಯಾಬ್ ಅದರಲ್ಲೇ ಹೋಗಿ ಕೂರುತ್ತದೆ.

ಹಳೇ ಲ್ಯಾಬ್‌ನಲ್ಲಿ ಅನಾಥ ಬಾಟಲಿಗಳು ಇದ್ದೇ ಇರುತ್ತವೆ. ಹತ್ತು ವರ್ಷದ ಹಿಂದೆ ಪ್ರಾಜೆಕ್ಟ್ ಮುಗಿಸಿ ಹೋದ ವಿದ್ಯಾರ್ಥಿಯ ಫ್ಲಾಸ್ಕ್, ತೇವಕ್ಕೆ ಲೇಬಲ್ ಕಿತ್ತು ಬಂದದ್ದು, ಹುಳ ತಿಂದದ್ದು. ಮೂಸಿ ನೋಡಿ ಕಂಡುಹಿಡಿಯಲು ಹೋಗಬೇಡಿ, ಅಲುಗಾಡಿಸಲೂ ಬೇಡಿ. ಹಳೇ ಅಟೆಂಡರ್ ಅಣ್ಣನನ್ನು ಕರೆದು ಕೇಳಿ. ಲ್ಯಾಬ್‌ನಲ್ಲಿ ವರ್ಷಗಟ್ಟಲೆ ದುಡಿದವರಿಗೆ ರಿಜಿಸ್ಟರ್‌ನಲ್ಲಿ ಇಲ್ಲದ್ದೂ ನೆನಪಿರುತ್ತದೆ. ಅವರಿಗೂ ಗೊತ್ತಿಲ್ಲದಿದ್ದರೆ "ಗುರುತಿಲ್ಲ" ಅಂತ ಚೀಟಿ ಅಂಟಿಸಿ ಬೇರೆ ಇಡಿ. ಗುರುತಿಲ್ಲದ್ದು ಹೊಸ ಕಟ್ಟಡಕ್ಕೆ ಹೋಗಬಾರದು.

ಪಟ್ಟಿ ಮಾಡುವಾಗ ಮೂರು ವಸ್ತುಗಳ ಮೇಲೆ ಹೆಚ್ಚು ಕಣ್ಣಿಡಿ. ಇವು ಸುಮ್ಮನೆ ಕೂತಲ್ಲೇ ಅಪಾಯಕಾರಿಯಾಗುವಂಥವು.

ಮೊದಲನೆಯದು ಈಥರ್, ಅದರ ಜೊತೆಗೆ ಟೆಟ್ರಾಹೈಡ್ರೋಫ್ಯೂರಾನ್, ಡಯಾಕ್ಸೇನ್. ಗಾಳಿ, ಬೆಳಕು ತಗಲಿದರೆ ಇವುಗಳಲ್ಲಿ ನಿಧಾನವಾಗಿ ಪೆರಾಕ್ಸೈಡ್ ಎಂಬ ಸಿಡಿಯುವ ವಸ್ತು ಆಗುತ್ತದೆ. ಬಾಟಲಿಯ ತಳದಲ್ಲೋ ಮುಚ್ಚಳದ ಸುತ್ತಲೋ ಬಿಳಿ ಹರಳು ಕಂಡರೆ ಅಲ್ಲಿಗೇ ಕೈ ನಿಲ್ಲಿಸಿ. ಮುಚ್ಚಳ ತಿರುಗಿಸಿದ ಉಜ್ಜುವಿಕೆಯೇ ಸಿಡಿಯಲು ಸಾಕು. ಹರಳಿಲ್ಲದಿದ್ದರೂ ಸೀಲ್ ತೆರೆದು ಆರು ತಿಂಗಳು ದಾಟಿದ್ದರೆ ಅಥವಾ ಯಾವಾಗ ತೆರೆದದ್ದು ಅಂತಲೇ ಬರೆದಿಲ್ಲದಿದ್ದರೆ ಅದನ್ನು ಲಾರಿ ಹತ್ತಿಸುವ ಮಾತೇ ಇಲ್ಲ.

ಎರಡನೆಯದು ಪಿಕ್ರಿಕ್ ಆಮ್ಲ. ಕ್ರಿಯಾಟಿನಿನ್ ಪರೀಕ್ಷೆಗೆ ಬಳಸುತ್ತಿದ್ದ ಹಳೇ ಕ್ಲಿನಿಕಲ್ ಲ್ಯಾಬ್‌ಗಳಲ್ಲಿ, ಪ್ಯಾಥಾಲಜಿಯಲ್ಲಿ ಇದು ಮೂಲೆಯಲ್ಲಿ ಕೂತಿರುತ್ತದೆ. ಒದ್ದೆಯಾಗಿರುವ ತನಕ ತೊಂದರೆಯಿಲ್ಲ, ಒಣಗಿದರೆ ಸ್ಫೋಟಕ. ಹಳದಿ ಪುಡಿ ಒಣಗಿದ ಹಾಗೆ ಕಂಡರೆ, ಅದರಲ್ಲೂ ಮುಚ್ಚಳ ಲೋಹದ್ದಾಗಿದ್ದರೆ, ತೆರೆದು ನೀರು ಹಾಕುವ ಸಾಹಸ ಬೇಡ. ಕೋಣೆಗೆ ಬೀಗ ಹಾಕಿ. ಸಂಸ್ಥೆಯ ಸುರಕ್ಷತಾ ಅಧಿಕಾರಿಗೆ ತಿಳಿಸಿ, ಅಗ್ನಿಶಾಮಕ ದಳದವರನ್ನು ಕೇಳಿ, ಅವರು ಹೇಳಿದ ಹಾಗೆ ಮಾಡಿ.

ಮೂರನೆಯದು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ, ಪೊಟ್ಯಾಸಿಯಂ. ಎಣ್ಣೆ ಇಳಿದಿದೆಯಾ ನೋಡಿ. ಪೊಟ್ಯಾಸಿಯಂ ಮೇಲೆ ಹಳದಿ ಪದರ ಕಟ್ಟಿದ್ದರೆ ಕತ್ತರಿಸಬೇಡಿ, ಅದೂ ಸಿಡಿಯುತ್ತದೆ.

ಬಿಡಬೇಕಾದದ್ದನ್ನು ಎಲ್ಲಿ ಬಿಡುವುದು

ಸಿಂಕ್‌ಗೆ ಸುರಿಯುವುದು ಉತ್ತರವಲ್ಲ. ನಮ್ಮ ಊರಿನ ನೆಲ ಮುರಕಲ್ಲು (ಜಂಬಿಟ್ಟಿಗೆ), ಒಳಗೆಲ್ಲ ತೂತು. ಪಕ್ಕದ ಮನೆಯ ಹಿತ್ತಿಲಲ್ಲಿ ಬಾವಿ ಇರುತ್ತದೆ, ಆ ಬಾವಿಯ ನೀರನ್ನೇ ಅವರು ಕುಡಿಯುತ್ತಾರೆ. ನೀವು ಇಂದು ಸಿಂಕ್‌ಗೆ ಬಿಟ್ಟ ಕ್ರೋಮಿಯಂ ದ್ರಾವಣ ಇಂಗುಗುಂಡಿ ಸೇರಿ ಎಲ್ಲಿಗೆ ಹೋಗುತ್ತದೆ ಅಂತ ಯೋಚನೆ ಮಾಡಿದರೆ ಸಾಕಲ್ವಾ?

ಅಪಾಯಕಾರಿ ತ್ಯಾಜ್ಯಕ್ಕೆ 2016ರ ನಿಯಮಗಳಿವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ಸಂಸ್ಥೆಗೇ ಕೊಡಬೇಕು, ಕೊಟ್ಟದ್ದಕ್ಕೆ ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ ಚೀಟಿ) ಪಡೆಯಬೇಕು, ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಕೂಡಿಟ್ಟುಕೊಳ್ಳಬಾರದು. ಮಂಡಳಿಯ ಪ್ರಾದೇಶಿಕ ಕಚೇರಿ ದಕ್ಷಿಣ ಕನ್ನಡಕ್ಕೂ ಇದೆ, ಉಡುಪಿಗೂ ಇದೆ. ಫೋನಿಗಿಂತ ಪಟ್ಟಿ ಹಿಡಿದು ನೇರ ಹೋಗುವುದು ಒಳ್ಳೆಯದು. ಗಾಡಿ ಬರಲು ವಾರಗಳೇ ಹಿಡಿಯಬಹುದು, ಅದಕ್ಕೇ ಮೂರು ತಿಂಗಳು ಅಂದದ್ದು. ರಕ್ತ, ಕಲ್ಚರ್ ಪ್ಲೇಟ್, ಸೂಜಿ ಇವು ಜೈವಿಕ ವೈದ್ಯಕೀಯ ತ್ಯಾಜ್ಯ. ಅದರ ಹಳದಿ, ಕೆಂಪು, ಬಿಳಿ, ನೀಲಿ ಲೆಕ್ಕ ಬೇರೆ, ಒಯ್ಯುವವರೂ ಬೇರೆ. ಬೇಡದ ಕಲ್ಚರ್‌ಗಳನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿಯೇ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದೇ) ಕೊಡಿ. ಆಟೋಕ್ಲೇವ್ ಅನ್ನು ಕೊನೆಯಲ್ಲಿ ಬಿಚ್ಚಿ ಅಂತ ಬೇರೆ ಹೇಳಬೇಕಾಗಿಲ್ಲ.

ಸೀಲ್ ತೆರೆಯದ ಒಳ್ಳೆಯ ಬಾಟಲಿಗಳನ್ನು ಹತ್ತಿರದ ಇನ್ನೊಂದು ಕಾಲೇಜಿಗೆ ಕೊಡಬಹುದು. ಕಾಗದ ಬರೆದು, ಸಹಿ ಹಾಕಿಸಿಕೊಂಡು ಕೊಡಿ.

ಗುಜರಿಯವರಿಗೆ ಹಳೇ ಮೆಷಿನ್ ಕೊಡುವಾಗ 2010ರ ದೆಹಲಿಯನ್ನು ನೆನಪಿಟ್ಟುಕೊಳ್ಳಿ. ದೆಹಲಿ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗದಲ್ಲಿ ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಗಾಮಾ ಯಂತ್ರವೊಂದನ್ನು ಹರಾಜು ಹಾಕಿದರು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಒಡೆದಾಗ ಒಳಗಿದ್ದ ಕೋಬಾಲ್ಟ್ 60 ಹೊರಬಂತು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಹಳೇ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್‌ನಲ್ಲೂ ನಿಕಲ್ 63 ಎಂಬ ವಿಕಿರಣ ವಸ್ತು ಇರುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಮೂರೆಲೆಯ ವಿಕಿರಣ ಚಿಹ್ನೆ ಎಲ್ಲಿ ಕಂಡರೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನು ಕೇಳದೆ ಆ ವಸ್ತುವನ್ನು ಗುಜರಿಗೂ ಕೊಡಬೇಡಿ, ಹೊಸ ಜಾಗಕ್ಕೂ ಒಯ್ಯಬೇಡಿ.

ಕಾಗದಪತ್ರ

ಬೇಗ ಹೇಳಿ ಮುಗಿಸುತ್ತೇನೆ, ಆದರೆ ಬಿಟ್ಟರೆ ಹೊಸ ಲ್ಯಾಬ್‌ನ ಬಾಗಿಲು ತೆರೆಯಲಾಗದು. ಪರವಾನಗಿಗಳೆಲ್ಲ ಹೆಚ್ಚಾಗಿ ವಿಳಾಸದ ಮೇಲೆ ಇರುತ್ತವೆ. ಮಾಲಿನ್ಯ ಮಂಡಳಿಯ ಒಪ್ಪಿಗೆ, ರೋಗಪತ್ತೆ ಲ್ಯಾಬ್ ಆದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಆಲ್ಕೋಹಾಲ್‌ಗೆ ಅಬಕಾರಿ ಇಲಾಖೆಯ ಪರವಾನಗಿ, ಎಕ್ಸ್-ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್. ಸ್ಕ್ಯಾನಿಂಗ್ ಮೆಷಿನ್ ಇದ್ದರೆ ಲಿಂಗಪತ್ತೆ ನಿಷೇಧ ಕಾಯ್ದೆಯ ಪ್ರಾಧಿಕಾರಕ್ಕೆ ಕನಿಷ್ಠ 30 ದಿನ ಮೊದಲೇ ತಿಳಿಸಬೇಕು. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಇದ್ದರೆ ಅವರಿಗೂ ತಿಳಿಸಿ. ಹೊಸ ಜಾಗದಲ್ಲಿ ಅವರ ಒಪ್ಪಿಗೆ ಸಿಗುವ ತನಕ ಅವರ ಮುದ್ರೆ ಹಾಕಿ ರಿಪೋರ್ಟ್ ಕೊಡಬೇಡಿ.

ಆಸಿಡ್ ರಿಜಿಸ್ಟರನ್ನು ಹೆಚ್ಚಿನವರು ಮರೆಯುತ್ತಾರೆ. ಕಾಲೇಜು, ಆಸ್ಪತ್ರೆ, ಸಂಶೋಧನಾ ಲ್ಯಾಬ್‌ಗಳು ಆಸಿಡ್ ಬಳಕೆಯ ಲೆಕ್ಕ ಇಟ್ಟು ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನಮ್ಮಲ್ಲಿ ಅಂದರೆ ಅಸಿಸ್ಟೆಂಟ್ ಕಮಿಷನರ್. ಉಡುಪಿ ಜಿಲ್ಲೆಯವರಿಗೆ ಕುಂದಾಪುರದಲ್ಲಿರುವವರು. ಹೊರಡುವಾಗ ಎಷ್ಟು ಬಾಟಲಿ, ತಲುಪಿದಾಗ ಎಷ್ಟು ಬಾಟಲಿ, ಎರಡೂ ರಿಜಿಸ್ಟರ್‌ನಲ್ಲಿ ಬೀಳಲಿ.

ಪ್ಯಾಕಿಂಗ್

ಕಾಲೇಜು ಲ್ಯಾಬ್‌ಗಳಲ್ಲಿ ಕೆಮಿಕಲ್‌ಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿರುತ್ತಾರೆ. ಹುಡುಕಲು ಸುಲಭ, ಸಾಗಿಸಲು ಅಪಾಯ. ಅಸಿಟಿಕ್ ಆಮ್ಲದ ಪಕ್ಕದಲ್ಲೇ ಅಮೋನಿಯಂ ನೈಟ್ರೇಟ್ ಬಂದಿರುತ್ತದೆ. ಒಂದು ಉರಿಯುವಂಥದ್ದು, ಇನ್ನೊಂದು ಉರಿಸುವಂಥದ್ದು. ಕಪಾಟಿನಲ್ಲಿದ್ದ ಸಾಲನ್ನು ಹಾಗೆಯೇ ಪೆಟ್ಟಿಗೆಗೆ ಇಳಿಸಬೇಡಿ, ಗುಣ ನೋಡಿ ವಿಂಗಡಿಸಿ. ಹೊತ್ತಿಕೊಳ್ಳುವ ಸಾಲ್ವೆಂಟ್‌ಗಳು ಒಂದು ಗುಂಪು. ಅಸಿಟಿಕ್ ಆಮ್ಲ ಇವುಗಳ ಜೊತೆಗೇ ಹೋಗಲಿ, ನೈಟ್ರಿಕ್ ಜೊತೆ ಬೇಡ. ಸಲ್ಫ್ಯೂರಿಕ್, ಹೈಡ್ರೋಕ್ಲೋರಿಕ್ ಒಂದು ಕಡೆ, ಆದರೆ ಒಂದೊಂದಕ್ಕೂ ಅದರದ್ದೇ ಟಬ್. ನೈಟ್ರಿಕ್ ಮತ್ತು ಪರ್‌ಕ್ಲೋರಿಕ್ ಒಂದೊಂದೂ ಒಂಟಿಯಾಗಿ. ಕಾಸ್ಟಿಕ್ ಸೋಡಾ, ಅಮೋನಿಯಾ ಬೇರೆ. ಪರ್ಮ್ಯಾಂಗನೇಟ್, ನೈಟ್ರೇಟ್, ಪೆರಾಕ್ಸೈಡ್‌ಗಳು ಬೇರೆ. ಸಯನೈಡ್ ಅನ್ನು ಆಸಿಡ್ ಇರುವ ಗಾಡಿಯಲ್ಲೇ ಇಡಬೇಡಿ, ಎರಡೂ ಸೇರಿದರೆ ಬರುವ ಗ್ಯಾಸ್ ನಿಮಿಷಗಳಲ್ಲಿ ಕೊಲ್ಲುತ್ತದೆ. ಬ್ಲೀಚ್ ದ್ರಾವಣವೂ ಆಸಿಡ್‌ನಿಂದ, ಅಮೋನಿಯಾದಿಂದ ದೂರ.

ಇನ್ನು ಸುತ್ತಲೂ ತುಂಬುವುದು ಏನು? ನಮ್ಮಲ್ಲಿ ಗಾಜಿನ ಸಾಮಾನು ಅಂದರೆ ಕೈ ತಾನಾಗಿ ಬೈಹುಲ್ಲಿಗೋ ಮರದ ಹುಡಿಗೋ ಹೋಗುತ್ತದೆ. ಖಾಲಿ ಬೀಕರಿಗೆ ಸರಿ. ನೈಟ್ರಿಕ್ ಆಸಿಡ್ ಬಾಟಲಿಗೆ ಬೈಹುಲ್ಲು ಸುತ್ತಿದರೆ ಬೆಂಕಿಗೆ ಬೇಕಾದದ್ದನ್ನೆಲ್ಲ ನೀವೇ ಒಂದು ಪೆಟ್ಟಿಗೆಯಲ್ಲಿ ಹಾಕಿ ಕೊಟ್ಟ ಹಾಗೆ. ಮುಚ್ಚಳದಿಂದ ಸ್ವಲ್ಪ ಸೋರಿದರೂ ಹುಲ್ಲು ಮೊದಲು ಕಂದಾಗುತ್ತದೆ, ಆಮೇಲೆ ಕಂದು ಹೊಗೆ, ಆಮೇಲೆ ಬೆಂಕಿ, ಕಡ್ಡಿ ಗೀರಬೇಕಾಗಿಲ್ಲ. 1973ರ ನವೆಂಬರ್ 3ರಂದು ಪ್ಯಾನ್ ಆ್ಯಮ್ ಕಂಪನಿಯ ಸರಕು ವಿಮಾನವೊಂದು ಅಮೆರಿಕದ ಬಾಸ್ಟನ್‌ನಲ್ಲಿ ಇಳಿಯುವಾಗ ಬಿತ್ತು, ಒಳಗಿದ್ದ ಮೂವರೂ ಸತ್ತರು. ಅದರಲ್ಲಿದ್ದ ನೈಟ್ರಿಕ್ ಆಸಿಡ್ ಬಾಟಲಿಗಳನ್ನು ಮರದ ಹುಡಿಯಲ್ಲಿ ಪ್ಯಾಕ್ ಮಾಡಿದ್ದರು. ಆಸಿಡ್ ಮತ್ತು ಆಕ್ಸಿಡೈಸರ್‌ಗಳಿಗೆ (ನೈಟ್ರೇಟ್‌ನಂಥ ಉರಿಸುವ ವಸ್ತುಗಳಿಗೆ) ಒಣ ಮರಳು ಅಥವಾ ವರ್ಮಿಕ್ಯುಲೈಟ್ ಹಾಕಿ. ವರ್ಮಿಕ್ಯುಲೈಟ್ ಗಿಡದ ನರ್ಸರಿಯಲ್ಲಿ ಸಿಗುತ್ತದೆ, ಹಗುರ ಕೂಡ. ನ್ಯೂಸ್‌ಪೇಪರ್ ಕೂಡ ಬೇಡ.

ಥರ್ಮೋಕೋಲ್ ಪೆಟ್ಟಿಗೆ ಮಲ್ಪೆಯಲ್ಲೂ ಮಂಗಳೂರು ಬಂದರಿನಲ್ಲೂ ಬೇಕಾದಷ್ಟು ಸಿಗುತ್ತದೆ, ಮೀನಿಗೆ ಬಳಸುವಂಥದ್ದು. ಅದರಲ್ಲಿ ಅಸಿಟೋನ್, ಟಾಲ್ಯುಯೀನ್, ಈಥೈಲ್ ಅಸಿಟೇಟ್ ಇಡಬೇಡಿ. ಸೋರಿದರೆ ಪೆಟ್ಟಿಗೆಯೇ ಕರಗಿ ಅಂಟಾಗುತ್ತದೆ, ಬಾಟಲಿ ಕೆಳಗೆ ಬೀಳುತ್ತದೆ. ತಳದಲ್ಲಿ ತೂತಿರುವ ಮೀನಿನ ಕ್ರೇಟ್ ಕೂಡ ದ್ರವಕ್ಕೆ ಬೇಡ. ತೂತಿಲ್ಲದ ಗಟ್ಟಿ ಪ್ಲಾಸ್ಟಿಕ್ ಟಬ್ ಬೇಕು, ಒಂದು ಬಾಟಲಿ ಪೂರ್ತಿ ಒಡೆದರೂ ಒಳಗೇ ನಿಲ್ಲುವಷ್ಟು ಆಳದ್ದು.

ಮುಚ್ಚಳ ಬಿಗಿ ಮಾಡಿ, ಮೇಲೆ ಟೇಪ್ ಸುತ್ತಿ, ಬಾಟಲಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ನೆಟ್ಟಗೆ ನಿಲ್ಲಿಸಿ. ಗ್ಯಾಸ್ ಬಿಡುವ ಬಾಟಲಿಗಳನ್ನು, ಉದಾಹರಣೆಗೆ ಸಾಂದ್ರ (ಕಾನ್ಸೆಂಟ್ರೇಟೆಡ್) ಹೈಡ್ರೋಜನ್ ಪೆರಾಕ್ಸೈಡ್, ಟೇಪ್ ಹಾಕಿ ಉಸಿರುಗಟ್ಟಿಸಬೇಡಿ. ಅದರ ಮುಚ್ಚಳದಲ್ಲಿ ಗಾಳಿ ಹೋಗುವ ದಾರಿ ಬೇಕಂತಲೇ ಇಟ್ಟಿರುತ್ತಾರೆ. ಸಾಂದ್ರ ಸಲ್ಫ್ಯೂರಿಕ್ ಆಸಿಡ್ ನೀರಿಗಿಂತ 1.84 ಪಟ್ಟು ಭಾರ. ಎರಡೂವರೆ ಲೀಟರಿನ ಎರಡು ಬಾಟಲಿ ಇಟ್ಟರೆ ಟಬ್ ಹತ್ತು ಕೇಜಿ ದಾಟುತ್ತದೆ. ಅಷ್ಟು ಸಾಕು, ಮೂರನೆಯದು ಬೇಡ. ಟಬ್‌ನ ಎರಡು ಬದಿಗೂ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ: ಏನು, ಎಷ್ಟು, ಹೊಸ ಜಾಗದಲ್ಲಿ ಯಾವ ಕೋಣೆ, ಯಾವ ಕಪಾಟು. ಪಕ್ಕದಲ್ಲಿ ಬೇರೆ ಸಾಮಾನು ಎತ್ತುವವರು ಒಡಿಶಾದಿಂದ ಬಂದವರಾಗಿರಬಹುದು, ಕನ್ನಡ ಓದಲು ಬರದಿರಬಹುದು, ಆದ್ದರಿಂದ ಅಪಾಯದ ಚಿತ್ರವನ್ನೂ ಅಂಟಿಸಿ.

ಸಿಲಿಂಡರ್, ದ್ರವ ಸಾರಜನಕ, ಫ್ರೀಜರ್

ಸಿಲಿಂಡರ್‌ಗಳ ವಿಷಯದಲ್ಲಿ ನನ್ನ ಸಲಹೆ ಒಂದೇ: ನೀವು ಒಯ್ಯಬೇಡಿ. ಹಳೇ ಜಾಗದಿಂದ ಗ್ಯಾಸ್ ಏಜೆನ್ಸಿಯವರು ವಾಪಸ್ ಒಯ್ಯಲಿ, ಹೊಸ ಜಾಗಕ್ಕೆ ತುಂಬಿದ್ದನ್ನು ಅವರೇ ತಂದು ಇಳಿಸಲಿ. ದೊಡ್ಡ ಸಿಲಿಂಡರ್‌ನ ಒಳಗೆ ಸುಮಾರು 150 ಬಾರ್ ಒತ್ತಡ ಇರುತ್ತದೆ. ಬಿದ್ದು ವಾಲ್ವ್ ಮುರಿದರೆ ಅದು ಗೋಡೆಯನ್ನೂ ತೂರಿಕೊಂಡು ಹೋಗುತ್ತದೆ. ಕಟ್ಟಡದೊಳಗೆ ಸರಿಸಲೇಬೇಕಾದರೆ ರೆಗ್ಯುಲೇಟರ್ ಬಿಚ್ಚಿ, ವಾಲ್ವ್ ಟೋಪಿ ಹಾಕಿ, ಚೈನ್ ಇರುವ ಟ್ರಾಲಿಯಲ್ಲಿ ಮಾತ್ರ. ಅಸಿಟಿಲೀನ್ ಯಾವಾಗಲೂ ನೆಟ್ಟಗೇ ಇರಬೇಕು. ಆಟೋರಿಕ್ಷಾದ ಹಿಂದಿನ ಸೀಟಿನಲ್ಲಿ ಸಿಲಿಂಡರ್ ಮಲಗಿಸಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ಕಳಿಸುವುದನ್ನು ಪೇಟೆಯಲ್ಲಿ ಈಗಲೂ ನೋಡುತ್ತೇವೆ. ದಯವಿಟ್ಟು ಬೇಡ ಮಾರಾಯ್ರೆ.

ದ್ರವ ಸಾರಜನಕ ಮೈನಸ್ 196 ಡಿಗ್ರಿ. ಕೈ ಸುಡುವುದು ಎಲ್ಲರಿಗೂ ಗೊತ್ತು, ಉಸಿರಾಟದ ಅಪಾಯ ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಗ್ಯಾಸ್ ಆಗುತ್ತದೆ, ಬಣ್ಣ ಇಲ್ಲ, ವಾಸನೆ ಇಲ್ಲ, ಇದ್ದ ಆಮ್ಲಜನಕವನ್ನು ಹೊರಗೆ ತಳ್ಳುತ್ತದೆ. ಲಿಫ್ಟ್‌ನಲ್ಲಿ ಕ್ಯಾನ್ ಒಂದೇ ಹೋಗಬೇಕು, ಜೊತೆಗೆ ಜನ ಬೇಡ. ಒಬ್ಬರು ಕೆಳಗೆ ಬಟನ್ ಒತ್ತಿ ಕಳಿಸಿ, ಇನ್ನೊಬ್ಬರು ಮೇಲೆ ಕಾದು ಇಳಿಸಿಕೊಳ್ಳಲಿ. ನಡುವಿನ ಮಹಡಿಯವರು ಹತ್ತದ ಹಾಗೆ ಒಂದೊಂದು ಕಡೆ ಒಬ್ಬರನ್ನು ನಿಲ್ಲಿಸಿ. ಕಾರಿನ ಒಳಗೆ ಗ್ಲಾಸ್ ಏರಿಸಿ ಒಯ್ಯುವುದಂತೂ ಬೇಡವೇ ಬೇಡ. ಡ್ರೈ ಐಸ್‌ಗೂ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಇದೇ ಮಾತು, ಅದರ ಪೆಟ್ಟಿಗೆಯನ್ನು ಟೇಪ್ ಹಾಕಿ ಪೂರ್ತಿ ಮುಚ್ಚಬಾರದು, ಉಬ್ಬಿ ಒಡೆಯುತ್ತದೆ.

ಮೈನಸ್ 80 ಫ್ರೀಜರ್ ಇದ್ದರೆ ಮೊದಲು ಸ್ಯಾಂಪಲ್‌ಗಳಿಗೆ ಬೇರೆ ಮನೆ ಹುಡುಕಿ. ಹೊಸ ಜಾಗದ ಹತ್ತಿರದ ಯಾವುದಾದರೂ ಲ್ಯಾಬ್‌ನಲ್ಲಿ ಒಂದು ಶೆಲ್ಫ್ ಕೇಳಿದರೆ ಕೊಡುತ್ತಾರೆ. ಡ್ರೈ ಐಸ್ ಮೊದಲೇ ಆರ್ಡರ್ ಮಾಡಿ, ಬೇಕಾದದ್ದಕ್ಕಿಂತ ಜಾಸ್ತಿಯೇ ತರಿಸಿ, ನಮ್ಮ ಸೆಕೆಗೆ ಅದು ಬೇಗ ಖಾಲಿಯಾಗುತ್ತದೆ. ಫ್ರೀಜರ್ ಅನ್ನು ಮಲಗಿಸಬಾರದು. ಮಲಗಿಸಿದ್ದೇ ಆದರೆ ನಿಲ್ಲಿಸಿ ಒಂದು ದಿನ ಬಿಟ್ಟು ಸ್ವಿಚ್ ಹಾಕಿ, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಬೇಕು. ಪೂರ್ತಿ ತಣ್ಣಗಾಗಿ ಒಂದು ರಾತ್ರಿ ನಿಂತ ಮೇಲೆ ಸ್ಯಾಂಪಲ್ ಒಳಗಿಡಿ.

ಸೂಕ್ಷ್ಮ ಉಪಕರಣಗಳು

ದುಬಾರಿ ಉಪಕರಣಗಳಿಗೆ ಕಂಪನಿಯ ಸರ್ವಿಸ್ ಎಂಜಿನಿಯರನ್ನೇ ಕರೆಸಿ. ನೀವೇ ಬಿಚ್ಚಿದರೆ ವಾರಂಟಿಯೋ ಎಎಂಸಿಯೋ (ವಾರ್ಷಿಕ ನಿರ್ವಹಣಾ ಒಪ್ಪಂದ) ಹೋಗಬಹುದು, ಮೊದಲು ಕಾಗದ ಓದಿ. ಬಿಚ್ಚುವ ಮೊದಲು ಹಿಂಬದಿಯ ಎಲ್ಲ ವಯರು, ಟ್ಯೂಬುಗಳ ಫೋಟೊ ತೆಗೆಯಿರಿ, ಒಂದೊಂದಕ್ಕೂ ನಂಬರ್ ಚೀಟಿ ಅಂಟಿಸಿ. ಕಂಪ್ಯೂಟರಿನ ಡೇಟಾ ಎರಡು ಕಡೆ ಬ್ಯಾಕಪ್ ಆಗಲಿ, ಅದರಲ್ಲಿ ಒಂದು ನಿಮ್ಮ ಜೊತೆ ಬರಲಿ, ಲಾರಿಯಲ್ಲಲ್ಲ. ಸಾಗಾಟದ ವಿಮೆ ಮಾಡಿಸಿ, ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ.

ಎಚ್‌ಪಿಎಲ್‌ಸಿ (ದ್ರವದಲ್ಲಿರುವ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇದ್ದರೆ ಒಳಗಿನ ಬಫರನ್ನು, ಅಂದರೆ ಉಪ್ಪಿನ ದ್ರಾವಣವನ್ನು, ನೀರಿನಿಂದ ತೊಳೆದು, ಆಮೇಲೆ ಮೆಥನಾಲ್ ಹಾಯಿಸಿ, ಕಾಲಂ ಬಿಚ್ಚಿ ಎರಡೂ ತುದಿ ಮುಚ್ಚಿ. ಬಫರ್ ಒಳಗೇ ಒಣಗಿದರೆ ಉಪ್ಪು ಕಟ್ಟಿ ಪಂಪ್ ಹಾಳಾಗುತ್ತದೆ. ಸೆಂಟ್ರಿಫ್ಯೂಜ್‌ನ ರೋಟರ್ ಬೇರೆ ತೆಗೆದು ಪ್ಯಾಕ್ ಮಾಡಿ. ವ್ಯಾಕ್ಯೂಮ್ ಪಂಪಿನ ಎಣ್ಣೆ ಇಳಿಸಿ. ಬ್ಯಾಲೆನ್ಸ್‌ನ ತಟ್ಟೆ, ಗಾಜು ಬಿಚ್ಚಿ, ಲಾಕ್ ಇದ್ದರೆ ಹಾಕಿ, ಅದನ್ನು ಕಾರಿನಲ್ಲಿ ಒಬ್ಬರ ಮಡಿಲಲ್ಲಿಟ್ಟು ಒಯ್ಯಿರಿ. ಬಯೋಸೇಫ್ಟಿ ಕ್ಯಾಬಿನೆಟ್ (ರೋಗಾಣುಗಳ ಕೆಲಸ ಮಾಡುವ ಗೂಡು) ಸಾಗಿಸುವ ಮೊದಲು ಒಳಗೆ ಸೋಂಕು ನಿವಾರಣೆ ಆಗಬೇಕು, ತಲುಪಿದ ಮೇಲೆ ಅದರ ಗಾಳಿ ಸೋಸುವ ಹೆಪಾ ಫಿಲ್ಟರನ್ನು ಮತ್ತೆ ಪರೀಕ್ಷೆ ಮಾಡಿಸಬೇಕು. ಕುಲುಕಾಟಕ್ಕೆ ಸೀಲ್ ಬಿಟ್ಟರೆ ಹೊರಗಿನಿಂದ ಏನೂ ಕಾಣುವುದಿಲ್ಲ.

ನಮ್ಮ ಊರಿಗೇ ವಿಶೇಷವಾದ ಶತ್ರು ತೇವ. ಎಸಿ ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಬ್ಬಾಗುತ್ತದಲ್ಲ, 22 ಡಿಗ್ರಿಯ ಕೋಣೆಯಿಂದ ಹೊರತಂದ ಮೈಕ್ರೋಸ್ಕೋಪ್‌ಗೂ ಅದೇ ಆಗುತ್ತದೆ. ಕನ್ನಡಕವನ್ನು ಒರೆಸಬಹುದು, ಲೆನ್ಸ್‌ಗಳ ನಡುವೆ ಕೂತ ನೀರನ್ನು ಒರೆಸಲಾಗದು. ಕೆಲವು ವಾರಗಳಲ್ಲಿ ಅಲ್ಲಿ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬುತ್ತದೆ. ಸರ್ಕ್ಯೂಟ್ ಬೋರ್ಡಿನ ಮೇಲೆ ನೀರು ಕೂತಿರುವಾಗ ಕರೆಂಟ್ ಕೊಟ್ಟರೆ ಆ ಕ್ಷಣವೇ ಹೋಯಿತು. ಅದಕ್ಕೆ ಎಸಿ ಕೋಣೆಯೊಳಗೇ, ಒಣ ಗಾಳಿಯಲ್ಲೇ, ಉಪಕರಣವನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಗಾಳಿ ಆಡದ ಹಾಗೆ ಸುತ್ತಿ, ಒಳಗೆ ಸಿಲಿಕಾ ಜೆಲ್ ಇಟ್ಟು ಟೇಪ್ ಹಾಕಿ, ಆಮೇಲೆ ಹೊರತನ್ನಿ. ಹೊಸ ಜಾಗ ತಲುಪಿದ ಕೂಡಲೇ ಬಿಚ್ಚುವ ಆಸೆ ಎಲ್ಲರಿಗೂ ಆಗುತ್ತದೆ. ತಡೆಯಿರಿ. ಸುತ್ತಿದ ಹಾಗೆಯೇ ಕೆಲವು ಗಂಟೆ ಇಟ್ಟು, ಒಳಗಿನ ಬಿಸಿ ಕೋಣೆಯ ಬಿಸಿಗೆ ಸಮ ಆದ ಮೇಲೆ ಬಿಚ್ಚಿ. ದೊಡ್ಡ ಮೆಷಿನ್ ಆದರೆ ಒಂದು ದಿನ ಬಿಟ್ಟೇ ಸ್ವಿಚ್ ಹಾಕಿ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಸುಮಾರು 120 ಡಿಗ್ರಿ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು.

ಹೊಸ ಕೋಣೆ ತಯಾರಿದೆಯಾ

ಬಾಗಿಲ ಅಗಲ, ಲಿಫ್ಟ್ ಅಗಲ, ಮೆಟ್ಟಿಲಿನ ತಿರುವು ಟೇಪ್ ಹಿಡಿದು ಅಳೆಯಿರಿ. ವಿಷದ ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನ ಪೈಪ್ ಕೂತು, ಗಾಳಿ ಎಳೆಯುತ್ತಿದೆ ಅಂತ ನೋಡುವ ತನಕ ಕೆಮಿಕಲ್ ಹೊರಡಬಾರದು. ಕಣ್ಣು ತೊಳೆಯುವ ನಲ್ಲಿ, ಶವರ್, ಬೆಂಕಿ ಆರಿಸುವ ಸಿಲಿಂಡರ್ ಮೊದಲ ಟಬ್ ಬರುವ ಮೊದಲೇ ಇರಬೇಕು.

ಅರ್ಥಿಂಗ್ ಬಗ್ಗೆ ಎಲೆಕ್ಟ್ರಿಶಿಯನ್ ಮಾತಿಗೆ ತಲೆಯಾಡಿಸಿ ಬಿಡಬೇಡಿ. ಮುರಕಲ್ಲಿನ ಗುಡ್ಡದ ಮೇಲೆ ಅರ್ಥಿಂಗ್ ಸರಿ ಕೂರುವುದಿಲ್ಲ, ಮಳೆಗಾಲದಲ್ಲಿ ಒಳ್ಳೆಯದಿದ್ದದ್ದು ಏಪ್ರಿಲ್‌ನಲ್ಲಿ ಒಣಗಿ ಕೈಕೊಡುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಬರುತ್ತದೆ ಅಂತ ಮೀಟರ್ ಇಟ್ಟು ತೋರಿಸಲು ಹೇಳಿ. ಎರಡು ಮೂರು ವೋಲ್ಟ್ ದಾಟಿದರೆ ಸೂಕ್ಷ್ಮ ಉಪಕರಣ ಕೂರಿಸಬೇಡಿ. ಪಶ್ಚಿಮದ ಕಿಟಕಿಯ ಪಕ್ಕ ಏನನ್ನೂ ಇಡಬೇಡಿ, ಜುಲೈ ಮಳೆ ಅಡ್ಡಕ್ಕೆ ಹೊಡೆಯುವುದು ಆ ಕಡೆಯಿಂದಲೇ. ಕಟ್ಟಡ ಹೆದ್ದಾರಿ 66ರ ಬದಿಗಿದ್ದರೆ ಬ್ಯಾಲೆನ್ಸನ್ನು ರಸ್ತೆಯಿಂದ ದೂರದ ಕೋಣೆಯಲ್ಲಿ, ನೆಲಮಹಡಿಯಲ್ಲಿ, ಕಲ್ಲಿನ ಮೇಜಿನ ಮೇಲೆ ಇಡಿ. ಲಾರಿಗಳ ನಡುಕ ಅದರ ಕೊನೆಯ ಅಂಕಿಯಲ್ಲಿ ಕಾಣುತ್ತದೆ.

ಹೊರಡುವ ದಿನ

ಅಪಾಯಕಾರಿ ಸರಕು ಸಾಗಿಸುವ ಚಾಲಕರಿಗೆ ತರಬೇತಿ ಆಗಿರಬೇಕು, ಅದು ಲೈಸೆನ್ಸ್‌ನಲ್ಲಿ ನಮೂದಾಗಿರಬೇಕು, ಗಾಡಿಯ ಮೇಲೆ ಅಪಾಯದ ಚಿಹ್ನೆ, ಒಳಗೆ ಟ್ರೆಮ್ ಕಾರ್ಡ್ (ಅವಘಡವಾದರೆ ಏನು ಮಾಡಬೇಕು ಅಂತ ಬರೆದ ಚೀಟಿ) ಇರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಬೈಕಂಪಾಡಿ, ಸುರತ್ಕಲ್ ಕಡೆ ಇಂಥ ಗಾಡಿಗಳು, ಚಾಲಕರು ಸಿಗುತ್ತಾರೆ. ವಿಚಾರಿಸಿ ಅಂಥವರನ್ನೇ ಗೊತ್ತು ಮಾಡಿ.

ಒಂದು ಗಾಡಿಯಲ್ಲಿ ಒಂದೇ ಗುಂಪು, ಇಲ್ಲವಾದರೆ ನಡುವೆ ಸಾಕಷ್ಟು ಅಂತರ. ಸಾಮಾನಿನ ಪಟ್ಟಿ ಚಾಲಕನ ಪಕ್ಕದಲ್ಲಿರಲಿ, ಹಿಂದೆ ಪೆಟ್ಟಿಗೆಗಳ ಜೊತೆ ಅಲ್ಲ. ಏನಾದರೂ ಆದಾಗ ಹಿಂದಿನ ಬಾಗಿಲು ತೆರೆಯಲು ಆಗುವುದೇ ಇಲ್ಲ. ಹಿಂದಿನಿಂದ ಒಂದು ಕಾರು ಬರಲಿ, ಅದರಲ್ಲಿ ಇಬ್ಬರು ಲ್ಯಾಬ್‌ನವರು, ಗ್ಲೌಸ್, ಕನ್ನಡಕ, ಒಣ ಮರಳು, ವಾಷಿಂಗ್ ಸೋಡಾ, ಬಕೆಟ್, ಹತ್ತು ಕ್ಯಾನ್ ನೀರು. ಆಸಿಡ್ ಚೆಲ್ಲಿದರೆ ಮರಳು, ಸೋಡಾ. ಮೈಗೆ, ಕಣ್ಣಿಗೆ ಬಿದ್ದರೆ ಕೂಡಲೇ ನೀರು, ಕನಿಷ್ಠ 15 ನಿಮಿಷ, ಆಮೇಲೆ 108. ದೊಡ್ಡದಾದರೆ 112. ಹೈಡ್ರೋಫ್ಲೋರಿಕ್ ಆಮ್ಲ ಇದ್ದರೆ ಕ್ಯಾಲ್ಶಿಯಂ ಗ್ಲುಕೊನೇಟ್ ಜೆಲ್ ಜೇಬಿನಲ್ಲೇ ಇರಬೇಕು. ಅದು ಇಲ್ಲದೆ ಆ ಬಾಟಲಿಯನ್ನು ಮುಟ್ಟಲೇಬೇಡಿ. ಕೂಳೂರು, ನಂತೂರು ಕಡೆ ಬೆಳಗ್ಗಿನ ಟ್ರಾಫಿಕ್ ಶುರುವಾಗುವ ಮೊದಲೇ ದಾಟಿ. ದಾರಿಯಲ್ಲಿ ಚಾ ಕುಡಿಯಲು ನಿಲ್ಲುವುದು ಬೇಡ, ಡ್ರೈವರಣ್ಣನಿಗೆ ಹೊರಡುವ ಮೊದಲೇ ತಿಂಡಿ ಕೊಡಿಸಿ.

ಇಳಿಸುವಾಗ ಪಟ್ಟಿ ಹಿಡಿದು ಒಬ್ಬರು ಬಾಗಿಲಲ್ಲಿ ನಿಂತು ಟಿಕ್ ಹಾಕಲಿ. ಸಂಜೆಯೊಳಗೆ ಎಲ್ಲ ರಾಸಾಯನಿಕ ಕಪಾಟಿನೊಳಗೆ ಹೋಗಬೇಕು, ಕಾರಿಡಾರಿನಲ್ಲಿ ಒಂದು ಟಬ್ ಕೂಡ ರಾತ್ರಿ ಉಳಿಯಬಾರದು. ಉಪಕರಣಗಳಿಗೆ ಮರುದಿನದಿಂದ ಕ್ಯಾಲಿಬ್ರೇಶನ್. ಉತ್ತರ ಗೊತ್ತಿರುವ ಸ್ಯಾಂಪಲ್ ಹಾಕಿ, ಹಳೇ ಜಾಗದಲ್ಲಿ ಬರುತ್ತಿದ್ದ ಉತ್ತರವೇ ಬರುತ್ತದಾ ನೋಡಿ, ಬಂದ ಮೇಲಷ್ಟೇ ರೋಗಿಗಳ ಸ್ಯಾಂಪಲ್ ತೆಗೆದುಕೊಳ್ಳಿ.

ಹಳೇ ಕೋಣೆ

ಅಲ್ಲಿಗೆ ಮುಗಿಯಲಿಲ್ಲ. ಖಾಲಿಯಾದ ಲ್ಯಾಬ್‌ಗೆ ನಾಳೆ ಬರುವವರು ಬಣ್ಣ ಬಳಿಯುವವರು, ಪ್ಲಂಬರ್. ಸಿಂಕ್ ಕೆಳಗಿನ ಬಾಗಿದ ಪೈಪ್ ಬಿಚ್ಚಿ ನೋಡಿ, ವರ್ಷಗಟ್ಟಲೆ ಒಡೆದ ಥರ್ಮಾಮೀಟರ್‌ಗಳ ಪಾದರಸ ಅಲ್ಲಿ ಕೂತಿರುತ್ತದೆ. ಸೋಡಿಯಂ ಅಜೈಡ್ ಸುರಿದಿದ್ದ ಸಿಂಕ್ ಆದರೆ, ಪೈಪ್ ತಾಮ್ರದ್ದೋ ಸೀಸದ್ದೋ ಆಗಿದ್ದರೆ, ಅದನ್ನು ಗರಗಸದಿಂದ ಕೊಯ್ಯಬಾರದು, ಒಳಗೆ ಸಿಡಿಯುವ ಉಪ್ಪು ಕಟ್ಟಿರಬಹುದು. ಪ್ಲಂಬರ್‌ಗೆ ಇದನ್ನು ಬಾಯಲ್ಲಿ ಹೇಳಿ, ಬರೆದೂ ಕೊಡಿ. ಫ್ಯೂಮ್ ಹುಡ್‌ನ ಪೈಪ್, ಕಪಾಟಿನ ಮೇಲ್ಭಾಗ, ಫ್ರಿಜ್ಜಿನ ಹಿಂದುಗಡೆ, ಡ್ರಾಯರ್‌ಗಳ ಒಳಗೆ ಕೈದೀಪ ಹಿಡಿದು ನೋಡಿ. ಮೊದಲು ಸಾಬೂನು ನೀರಿನಿಂದ ಒರೆಸಿ, ಆಸಿಡ್ ಅಂಶ ಪೂರ್ತಿ ಹೋಗಿದೆ ಅಂತ ಖಾತ್ರಿಯಾದ ಮೇಲೆ, ರಕ್ತದ ಕೆಲಸ ಮಾಡುತ್ತಿದ್ದ ಮೇಜುಗಳಿಗೆ ಮಾತ್ರ 1 ಶೇಕಡಾ ಹೈಪೋಕ್ಲೋರೈಟ್ ಹಾಕಿ. ಬಾಗಿಲ ಮೇಲಿನ ಅಪಾಯದ ಸ್ಟಿಕ್ಕರ್‌ಗಳನ್ನು ಕೀಳಿ, ಇಲ್ಲವಾದರೆ ಮುಂದೆ ಯಾವ ಸ್ಟಿಕ್ಕರನ್ನೂ ಯಾರೂ ನಂಬುವುದಿಲ್ಲ. ಕೋಣೆಯಲ್ಲಿ ಏನೇನಿತ್ತು, ಯಾವುದನ್ನು ಹೇಗೆ ಸ್ವಚ್ಛ ಮಾಡಿದ್ದೀರಿ ಅಂತ ಒಂದು ಪುಟ ಬರೆದು, ಬೀಗದ ಕೈ ಕೊಡುವಾಗ ಕಟ್ಟಡದ ಮಾಲೀಕರ ಸಹಿ ಹಾಕಿಸಿಕೊಳ್ಳಿ. ಅದರ ಒಂದು ಪ್ರತಿ ತ್ಯಾಜ್ಯದ ಮ್ಯಾನಿಫೆಸ್ಟ್ ಜೊತೆ ಫೈಲಿನಲ್ಲಿರಲಿ, ಇನ್ನೊಂದು ಮಾಲಿನ್ಯ ಮಂಡಳಿಗೆ ಹೋಗಲಿ.